ಕಾದಂಬರಿಯ ಊರಿಗೆ ದಾರಿ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೊರಟ ಬಸ್ಸು ಹೊರ್ತಿ ದಾಟಿ ಝಳಕಿ ಕ್ರಾಸಿಗೆ ಬಂದು ನಿಲ್ಲುತ್ತದೆ. ಇಲ್ಲಿಂದ ಒಂದು ದಾರಿ ಇಂಡಿಗೆ, ಇನ್ನೊಂದು ಚಡಚಣದ ಕಡೆಗೆ. ನೆಟ್ಟಗೆ ಹೋದರೆ ಧೂಳಖೇಡ, ಭೀಮಾ ಹೊಳೆ, ಅದರಾಚೆ ಮಹಾರಾಷ್ಟ್ರ. ಸೊಲ್ಲಾಪುರದ ದವಾಖಾನೆಗೆ ಹೊರಟವರಿಗೆ ಈ ಕ್ರಾಸು ಒಂದು ಕಪ್ ಚಹಾದ ಹೊತ್ತಿನ ಜಾಗ. ಲಿಂಬೆಕಾಯಿ ಚೀಲ ಇಳಿಸಿಕೊಂಡು ನಿಂತ ರೈತನಿಗೆ ದಿನದ ವ್ಯವಹಾರ. ಪುಣೆಯಲ್ಲಿ ದುಡಿದು ಪಂಚಮಿಗೆ ಬರುವವನಿಗೆ ಮನೆ ಶುರುವಾಗುವುದೇ ಇಲ್ಲಿಂದ. ಈ ಮೂವರೂ ಝಳಕಿಯ ಕಥೆ ಬರೆದರೆ ಓದುಗರ ಕೈಗೆ ಮೂರು ಬೇರೆ ಬೇರೆ ಊರುಗಳು ಸಿಗುತ್ತವೆ.

ಹೊಸದಾಗಿ ಕಾದಂಬರಿ ಹಿಡಿದವರು ಸಾಮಾನ್ಯವಾಗಿ ಊರಿನ ವರ್ಣನೆ ಬಂದ ಕೂಡಲೇ ಪುಟ ಹಾರಿಸುತ್ತಾರೆ. ಊರೆಂದರೆ ನಾಟಕದ ಹಿಂದಿನ ಪರದೆ, ಕಥೆ ನಡೆಯುವುದು ಅದರ ಮುಂದೆ ಎಂಬ ಭಾವನೆ ಅವರದು. ಹಾಗೆ ಹಾರಿಸಿದ ಪುಟಗಳಲ್ಲೇ ಎಷ್ಟೋ ಸಲ ಕಥೆಯ ಜೀವ ಇರುತ್ತದೆ. ಆದ್ದರಿಂದ ಓದುವಾಗ ಒಂದು ಪ್ರಶ್ನೆ ಜೊತೆಗಿರಲಿ: ಈ ಊರನ್ನು ನೋಡುತ್ತಿರುವ ಕಣ್ಣು ಯಾರದು? ಅಲ್ಲೇ ಬಾಳಿದವರದೋ, ಹಾದುಹೋದವರದೋ, ಬಿಟ್ಟು ಹೋದವರದೋ?

ಹಾದುಹೋದವರ ಕಣ್ಣಿಗೆ ಈ ಸೀಮೆಯಲ್ಲೇ ದೊಡ್ಡದೊಂದು ಉದಾಹರಣೆ ಇದೆ. ಹದಿಹರೆಯದಲ್ಲೇ ಭಾರತಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಬಾಲಕ ದೊರೆ ವೆಂಕಟಪ್ಪ ನಾಯಕನ ಹೊಣೆಯೂ ಅವರ ಮೇಲಿತ್ತು. ಆಮೇಲೆ ಸೊಲ್ಲಾಪುರದ ಆಚೆಯ ನಳದುರ್ಗದಲ್ಲಿ ಕೆಲಸ ಮಾಡಿದರು. ಕುದುರೆಯ ಮೇಲೆ ಕಂಡ ಈ ನೆಲವೇ ಅವರ ಕಾದಂಬರಿಗಳ ನೆಲವಾಯಿತು. 1863ರ ‘ತಾರಾ’ ತುಳಜಾಪುರದ ಶಾಸ್ತ್ರಿಯೊಬ್ಬರ ಮನೆಯಿಂದ ಹೊರಟು ಆದಿಲಶಾಹಿ ವಿಜಯಪುರಕ್ಕೆ ಬರುತ್ತದೆ. ಅವರು ತೀರಿಕೊಂಡ ಮೇಲೆ 1878ರಲ್ಲಿ ಹೊರಬಂದ ‘ಎ ನೋಬಲ್ ಕ್ವೀನ್’ ಚಾಂದಬೀಬಿಯ ಕಥೆ. ಕೃಷ್ಣೆಯ ನಡುವಿನ ಜಲದುರ್ಗವೂ ಅದರಲ್ಲಿ ಬರುತ್ತದೆ.

ಟೇಲರ್ ಅವರನ್ನು ಓದುವಾಗ ಎರಡು ವಿಷಯ ಗಮನಿಸಬೇಕು. ಕೋಟೆ, ಹೊಳೆ, ಒಂದೂರಿಂದ ಇನ್ನೊಂದೂರಿಗೆ ಬೇಕಾಗುವ ಹೊತ್ತು ಬರೆಯುವಾಗ ಅವರ ಕೈ ಗಟ್ಟಿ. ಆ ದಾರಿ ಸವೆಸಿದ ಸವಾರನ ಖಚಿತತೆ ಅಲ್ಲಿದೆ. ಪಾತ್ರಗಳು ಬಾಯಿ ತೆರೆದಾಗ ಮಾತ್ರ ವಿಕ್ಟೋರಿಯಾ ಕಾಲದ ಇಂಗ್ಲಿಷರ ಧಾಟಿ ಕೇಳುತ್ತದೆ. ಇದು ಅವರನ್ನು ಬದಿಗಿಡಲು ಕಾರಣವಲ್ಲ. ಪ್ರವಾಸಿಯ ಕಣ್ಣಿಗೆ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದನ್ನು ಕಲಿಯಲು ಇಷ್ಟು ಸ್ಪಷ್ಟವಾದ ಪಾಠ ಬೇರೆಡೆ ಸಿಗುವುದು ಕಷ್ಟ.

ಕನ್ನಡದಲ್ಲಿ ಪ್ರವಾಸವನ್ನೇ ಸಿದ್ಧತೆಯಾಗಿ ಮಾಡಿಕೊಂಡವರು ಎಸ್.ಎಲ್. ಭೈರಪ್ಪ. 1979ರ ‘ಪರ್ವ’ಕ್ಕಾಗಿ ಅವರು ದ್ವಾರಕೆ, ಕುರುಕ್ಷೇತ್ರಗಳನ್ನು ತಿರುಗಿದರು. ಗಢವಾಲದ ಹಿಮಾಲಯದಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿಯನ್ನು ಕಣ್ಣಾರೆ ಕಂಡರು. ಕಾದಂಬರಿಯಲ್ಲಿ ಕುಂತಿ ಬೆಟ್ಟದ ವಾಸವನ್ನು ನೆನೆಯುವ ಭಾಗ ಓದಿದರೆ ಆ ಪ್ರವಾಸದ ಫಲ ತಿಳಿಯುತ್ತದೆ. ಪವಾಡವಾಗಿದ್ದ ಪುರಾಣದ ಸಂಗತಿ ಅಲ್ಲಿ ಬೆಟ್ಟದ ಜನರ ರೂಢಿಯಾಗಿ ಕಾಣುತ್ತದೆ. ಪ್ರವಾಸದಿಂದ ಬಂದದ್ದು ಹಿಮದ ವರ್ಣನೆಯಷ್ಟೇ ಆಗಿದ್ದರೆ ‘ಪರ್ವ’ ಹುಟ್ಟುತ್ತಿರಲಿಲ್ಲ.

ಬಿಟ್ಟು ಹೋದವರ ಕಣ್ಣು ಇನ್ನೂ ವಿಚಿತ್ರ. ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ; ಅದು ಪ್ರಕಟವಾದದ್ದು 1965ರಲ್ಲಿ. ಕಥೆಯ ಅಗ್ರಹಾರ ದೂರ್ವಾಸಪುರ ಕಲ್ಪಿತ. ಆದರೆ ಊರು ಬಿಟ್ಟು ಹೊರಟ ಕಥಾನಾಯಕ ಪ್ರಾಣೇಶಾಚಾರ್ಯರು ಹೋಗಿ ಸೇರುವ ತೇರು ಮೇಳಿಗೆಯದು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಲೇಖಕರು ಹುಟ್ಟಿದ ಊರು. ಜಾತ್ರೆಯ ಕಾಫಿ, ಕೋಳಿ ಅಂಕ, ದಾರಿಯಲ್ಲಿ ಜೊತೆಯಾಗಿ ಬೆನ್ನು ಬಿಡದ ಪುಟ್ಟನೆಂಬವನು, ದೇವಸ್ಥಾನದ ಊಟದ ಪಂಕ್ತಿ, ಇವೆಲ್ಲ ಒಂದರ ಮೇಲೊಂದು ನುಗ್ಗಿ ಆಚಾರ್ಯರನ್ನು ಮುತ್ತುತ್ತವೆ. ಕಲ್ಪಿತ ಊರಿನಿಂದ ನಿಜದ ಊರಿಗೆ ಕಾಲಿಡುವ ಆ ಗಳಿಗೆಯಲ್ಲೇ ಆಚಾರ್ಯರ ಗಟ್ಟಿ ನಂಬಿಕೆಗಳು ಅಲುಗುತ್ತವೆ. ಈ ಸೂಕ್ಷ್ಮ ಹಿಡಿದು ಓದಿದವರಿಗೆ ‘ಸಂಸ್ಕಾರ’ ಎರಡನೆಯ ಸಲ ತೆರೆದುಕೊಳ್ಳುತ್ತದೆ.

ಯಶವಂತ ಚಿತ್ತಾಲರು ಬದುಕು ಕಟ್ಟಿಕೊಂಡದ್ದು ಮುಂಬಯಿಯಲ್ಲಿ. ಆದರೂ ಉತ್ತರ ಕನ್ನಡದ ಹನೇಹಳ್ಳಿ ಅವರ ಕಥೆಗಳಿಗೆ ಮತ್ತೆ ಮತ್ತೆ ಬರುತ್ತದೆ. ಚಂದ್ರಶೇಖರ ಕಂಬಾರರ ಶಿವಾಪುರವೂ ಒಂದು ಕೃತಿಗೆ ಮುಗಿಯುವ ಊರಲ್ಲ. ಇಂಥವರನ್ನು ಒಂದೇ ಪುಸ್ತಕಕ್ಕೆ ಬಿಡದೆ ನಾಲ್ಕಾರು ಪುಸ್ತಕ ಬೆನ್ನು ಹತ್ತಿ ಓದಬೇಕು. ಆಗ ಒಂದೇ ಊರು ಹೇಗೆ ಬೆಳೆಯುತ್ತದೆ, ಎಲ್ಲಿ ಬಣ್ಣ ಬದಲಿಸುತ್ತದೆ ಎಂಬುದು ಕಾಣುತ್ತದೆ.

ಇನ್ನು ಅಲ್ಲೇ ಬಾಳಿದವರು. ಅವರ ಬರಹದಲ್ಲಿ ವರ್ಣನೆ ಕಡಿಮೆ, ತಿಳಿವಳಿಕೆ ಹೆಚ್ಚು. ಇಂಡಿ, ಸಿಂದಗಿಯ ಎರೆಹೊಲದ ಬಿಳಿಜೋಳವನ್ನೇ ನೋಡಿ. ಅದನ್ನು ಬಿತ್ತುವುದು ಮುಂಗಾರಿಗಲ್ಲ, ಹಿಂಗಾರಿಗೆ. ಮಳೆ ನಿಂತ ಮೇಲೆ ನೆಲದ ಹಸಿ, ಚಳಿಗಾಲದ ಇಬ್ಬನಿ ಇಷ್ಟರಲ್ಲೇ ಬೆಳೆ ಬರುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ದಂಟು ಆಳೆತ್ತರ ನಿಂತಿರುತ್ತದೆ. ಅದರ ಹಿಂದೆಯೇ ಸೀತನಿ ಸುಡುವ ದಿನಗಳು. ಜಡಿಮಳೆಯಲ್ಲಿ ತೆನೆ ತೂಗುವ ಬಿಳಿಜೋಳದ ನಡುವೆ ನಾಯಕ ನಾಯಕಿ ಭೇಟಿಯಾದರೆ, ಬರೆದವರು ಈ ಹೊಲದ ಬದುವಿನಲ್ಲಿ ಕಾಲಿಟ್ಟಿಲ್ಲ ಎಂದು ಝಳಕಿಯ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ರಸಿಕರು ತಮ್ಮ ಸೀಮೆಯ ಇಂಥ ತಿಳಿವಳಿಕೆಯನ್ನು ಸಣ್ಣದೆಂದು ತಿಳಿಯಬಾರದು. ವಿಮರ್ಶೆಗೆ ಅದೂ ಒಂದು ಒರೆಗಲ್ಲು.

ಮಾತೂ ಊರಿನ ಭಾಗವೇ. ಝಳಕಿಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಹಳ್ಳಿಯ ಹೆಣ್ಣುಮಕ್ಕಳ ಹಾಡು ಕಲೆಹಾಕಿದರು. ‘ಗರತಿಯ ಹಾಡು’ ಹೊರಬಂದದ್ದು 1931ರಲ್ಲಿ. ಅದು ಕಾದಂಬರಿಯಲ್ಲ. ಆದರೆ ಈ ನೆಲದ ಆಡುಮಾತಿಗೆ ಎಷ್ಟು ಕಸುವಿದೆ ಎಂದು ಅಚ್ಚಿನಲ್ಲಿ ತೋರಿಸಿತು. ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ (1957) ಪಾದಳ್ಳಿ ಎಂಬ ಹಳ್ಳಿಯೇ ಮುಖ್ಯ ಪಾತ್ರ. ಅದರ ಸಂಭಾಷಣೆಯನ್ನು ಕಣ್ಣಿನಲ್ಲಿ ಓದಿದರೆ ಸಾಲದು, ಬಾಯಿಬಿಟ್ಟು ಓದಬೇಕು. ಓಣಿ, ಚಾವಡಿ, ಗುಡಿಯ ಕಟ್ಟೆ ದನಿಯಿಂದಲೇ ಗುರುತು ಸಿಗುತ್ತವೆ.

ಒಂದು ಪರೀಕ್ಷೆಯನ್ನೂ ಮಾಡಿ ನೋಡಬಹುದು. ಕಥೆಯನ್ನು ಅದರ ಊರಿನಿಂದ ಎತ್ತಿ ಬೇರೆ ಕಡೆ ಇಟ್ಟರೆ ಅದು ನಿಲ್ಲುತ್ತದೆಯೇ? ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಜಾಗದಲ್ಲಿ ಇದ್ದವರು. ಅವರ ‘ದ್ವೀಪ’ದಲ್ಲಿ ಹಿನ್ನೀರು ಏರುತ್ತದೆ, ಗುಡ್ಡದ ಮೇಲಿನ ಒಂದು ಮನೆ ಒಂಟಿಯಾಗುತ್ತದೆ. ನೀರು ತೆಗೆದರೆ ಕಥೆಯೇ ಇಲ್ಲ. ಗಿರೀಶ ಕಾಸರವಳ್ಳಿ 2002ರಲ್ಲಿ ಅದನ್ನು ಸಿನಿಮಾ ಮಾಡಿದರು. ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯವರಿಗೆ ಈ ಮಲೆನಾಡಿನ ಕಾದಂಬರಿ ಪರವೂರಿನದು ಅನ್ನಿಸುವುದಿಲ್ಲ.

ಊರನ್ನು ಕುಗ್ಗಿಸುವ ಬರವಣಿಗೆಯೂ ಉಂಟು, ಅದನ್ನೂ ಗುರುತಿಸಬೇಕು. ಪತ್ರಿಕೆಯ ಬರಹಗಳು, 2012ರ ‘ಭೀಮಾ ತೀರದಲ್ಲಿ’ ಸಿನಿಮಾ ಬಂದ ಮೇಲೆ ಭೀಮಾ ತೀರ ಎಂದರೆ ಬಂದೂಕು, ಸೇಡು ಎಂಬ ಚಿತ್ರ ದೂರದೂರದವರ ಮನಸ್ಸಿನಲ್ಲಿ ಕೂತಿತು. ಆ ಅಪರಾಧಗಳು ಸುಳ್ಳಲ್ಲ. ಆದರೆ ‘ಗರತಿಯ ಹಾಡು’ ಬಂದ ಹಲಸಂಗಿಯೂ ಇದೇ ಸೀಮೆಯದು. ಪಂಢರಪುರಕ್ಕೆ ನಡೆದುಹೋಗುವ ದಿಂಡಿಗಳು, ಲಿಂಬೆ ತೋಟಕ್ಕೆ ನೀರು ಹುಡುಕುವ ಪಾಡು, ಕನ್ನಡ ಮರಾಠಿ ಬೆರೆತ ಸಂತೆ ಎಲ್ಲವೂ ಇಲ್ಲಿಯವೇ. ಒಂದೇ ಬಣ್ಣದಲ್ಲಿ ಬಳಿದ ಊರು ಕಂಡರೆ ಓದುಗರು ಅನುಮಾನ ಪಡುವುದು ನ್ಯಾಯ.

ಓದಿದ ಮೇಲೆ ಆ ಊರಿಗೆ ಹೋಗಿ ಬರಬೇಕೇ? ಸಾಧ್ಯವಿದ್ದರೆ ಖಂಡಿತ. ಮುದ್ದೇಬಿಹಾಳದಿಂದ ತಾಳಿಕೋಟಿ, ಹುಣಸಗಿ ಮೇಲೆ ಸುರಪುರ ಮುಟ್ಟಬಹುದು. ಅಲ್ಲಿ ಗುಡ್ಡದ ಮೇಲೆ ಟೇಲರ್ ಕಟ್ಟಿಸಿದ ಮಂಜಿಲ್ ಇದೆ. ಹೋಗುವ ಮುಂಚೆ ಅವರ ಒಂದು ಕಾದಂಬರಿಯನ್ನಾದರೂ ಅರ್ಧ ಓದಿ, ಉಳಿದರ್ಧವನ್ನು ಬಂದ ಮೇಲೆ ಓದುವುದು ಒಳ್ಳೆಯದು. ಪುಸ್ತಕದಲ್ಲಿದ್ದು ಊರಲ್ಲಿ ಕಾಣದ್ದನ್ನು, ಊರಲ್ಲಿದ್ದು ಪುಸ್ತಕಕ್ಕೆ ಬಾರದ್ದನ್ನು ಗುರುತು ಹಾಕಿಕೊಂಡರೆ, ಲೇಖಕರು ಯಾವುದನ್ನು ಆರಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದು ಪುಟದ ಅಂಚಿನಲ್ಲೇ ಪಟ್ಟಿಯಾಗಿ ಸಿಗುತ್ತದೆ.