‘ಬಭ್ರುವಾಹನ’ ಚಿತ್ರವೂ ಜಗುಲಿಯ ವಿಮರ್ಶೆಯೂ

ಅದ್ಭುತವು ಕಣ್ಣಿಗೆ ಸುಲಭವಾಗಿ ದೊರೆಯುವ ರಸ. ಮನಸ್ಸಿಗೆ ಅಷ್ಟು ಸುಲಭವಾಗಿ ದೊರೆಯುವುದಲ್ಲ. ಬಾಣದ ತುದಿಯಲ್ಲಿ ಬೆಂಕಿಯೆದ್ದರೆ, ಪಾತಾಳದ ಬಾಗಿಲು ತೆರೆದರೆ, ಬಾಲಕರು ಬಾಯ್ದೆರೆದು ನೋಡುತ್ತಾರೆ. ಮರುದಿನ ಬೇರೊಂದು ಚಿತ್ರದಲ್ಲಿ ಅದಕ್ಕಿಂತ ದೊಡ್ಡ ಬೆಂಕಿಯನ್ನು ಕಂಡೊಡನೆ ಹಿಂದಿನದನ್ನು ಮರೆತುಬಿಡುತ್ತಾರೆ. ಭರತಮುನಿಯು ಅದ್ಭುತರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವವೆಂದು ಹೇಳಿದ್ದಾನೆ; ರೂಪಕದ ನಿರ್ವಹಣಸಂಧಿಯಲ್ಲಿ ಈ ರಸವು ಇರತಕ್ಕದ್ದೆಂದೂ ವಿಧಿಸಿದ್ದಾನೆ. ಸ್ಥಾಯಿಯೆಂಬ ಮಾತನ್ನು ಇಲ್ಲಿ ಗಮನಿಸಬೇಕು. ನೋಡಿ ಮುಗಿದ ಮೇಲೂ ನಿಲ್ಲುವ ವಿಸ್ಮಯವೇ ವಿಸ್ಮಯ; ಉಳಿದುದು ಬರಿಯ ಇಂದ್ರಜಾಲ. ಈ ಒರೆಗಲ್ಲಿಗೆ ಒಂದು ಹಳೆಯ ಕನ್ನಡ ಚಿತ್ರವನ್ನು ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಆ ಚಿತ್ರವು 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಭ್ರುವಾಹನ’. ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974) ಎಂಬ ಚಿತ್ರಗಳಿಂದ ಅವರ ಹೆಸರು ನಮ್ಮ ವಾಚಕರಿಗೆ ಪರಿಚಿತವೇ ಆಗಿದೆ. ಅರ್ಜುನನ ಪಾತ್ರವನ್ನೂ ಬಭ್ರುವಾಹನನ ಪಾತ್ರವನ್ನೂ ರಾಜಕುಮಾರರೇ ವಹಿಸಿದ್ದಾರೆ. ಬಿ. ಸರೋಜಾದೇವಿಯವರು ಚಿತ್ರಾಂಗದೆ, ಕಾಂಚನಾ ಅವರು ಉಲೂಪಿ, ಸಂಗೀತವು ಟಿ. ಜಿ. ಲಿಂಗಪ್ಪನವರದು. ಕಳೆದ ದೀಪಾವಳಿಯ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲರೂ ಮನೆಗೆ ಬಂದಿದ್ದಾಗ ಇದನ್ನು ನಾವೆಲ್ಲರೂ ಒಟ್ಟಿಗೆ ಕುಳಿತು ಟೀವಿಯಲ್ಲಿ ನೋಡಿದೆವು. ನೋಡಿದ ಬಳಿಕ ಜಗುಲಿಯಲ್ಲಿ ಕವಳದ ತಟ್ಟೆಯ ಸುತ್ತ ನಡೆದ ಮಾತು ಚಿತ್ರದಷ್ಟೇ ದೀರ್ಘವಾಯಿತು. ಅದರಲ್ಲಿ ವಿಮರ್ಶೆಯೆನ್ನಬಹುದಾದ ಅಂಶಗಳಿದ್ದುದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಕಥೆಯ ಮೂಲವನ್ನು ನೋಡೋಣ. ವ್ಯಾಸಭಾರತದ ಆದಿಪರ್ವದಲ್ಲಿ ಮಣಿಪುರದ ಚಿತ್ರವಾಹನನು ತನ್ನ ಮಗಳನ್ನು ಅರ್ಜುನನಿಗೆ ಕೊಡುವಾಗ, ಆಕೆಯಲ್ಲಿ ಹುಟ್ಟುವ ಮಗನು ತನ್ನ ವಂಶಕ್ಕೇ ಸೇರಬೇಕೆಂಬ ನಿಬಂಧನೆಯನ್ನು ಹಾಕುತ್ತಾನೆ. ಅರ್ಜುನನು ಒಪ್ಪಿ, ಅಲ್ಲಿ ಮೂರು ವರ್ಷವಿದ್ದು, ಹೊರಟುಹೋಗುತ್ತಾನೆ. ಆಶ್ವಮೇಧಿಕಪರ್ವದಲ್ಲಿ ಅವನು ಯಜ್ಞದ ಕುದುರೆಯ ಬೆನ್ನಟ್ಟಿ ಮರಳಿ ಬಂದಾಗ ಬೆಳೆದ ಮಗನು ವಿನಯದಿಂದ ಇದಿರ್ಗೊಳ್ಳುತ್ತಾನೆ. ಆ ವಿನಯವು ಕ್ಷತ್ರಿಯನಿಗೆ ತಕ್ಕುದಲ್ಲವೆಂದು ತಂದೆಯು ಜರೆಯುತ್ತಾನೆ. ಉಲೂಪಿಯು ಯುದ್ಧಕ್ಕೆ ಪ್ರೇರಿಸುತ್ತಾಳೆ. ಮಗನ ಬಾಣದಿಂದ ತಂದೆಯು ಬೀಳುತ್ತಾನೆ. ಕೊನೆಗೆ ಉಲೂಪಿಯ ಮಣಿಯಿಂದ ಬದುಕುತ್ತಾನೆ. ಜೈಮಿನಿಯ ಕಥೆಯನ್ನು ಕನ್ನಡಕ್ಕೆ ತಂದ ಲಕ್ಷ್ಮೀಶನಲ್ಲಿ ಈ ಜರೆಯುವಿಕೆ ಇನ್ನೂ ಕ್ರೂರವಾಗಿದೆ. ಅಲ್ಲಿ ತಂದೆಯು ಮಗನ ಶೌರ್ಯವನ್ನಲ್ಲದೆ ಜನ್ಮವನ್ನೇ ಶಂಕಿಸುತ್ತಾನೆ. ಚಿತ್ರವು ಹಿಡಿದಿರುವುದು ಈ ಎರಡನೆಯ ದಾರಿಯನ್ನು.

“ಇದು ವ್ಯಾಸನಲ್ಲಿಲ್ಲ, ಆದುದರಿಂದ ದೋಷ” ಎಂದು ನನ್ನಂತಹ ಸಂಸ್ಕೃತದವರಿಂದ ತೀರ್ಪನ್ನು ನಿರೀಕ್ಷಿಸುವವರುಂಟು. ಆದರೆ ಶಾಸ್ತ್ರವು ಹಾಗೆ ಹೇಳುವುದಿಲ್ಲ. ಇತಿವೃತ್ತದಲ್ಲಿ ರಸಕ್ಕೆ ಅನುಗುಣವಲ್ಲದ ಭಾಗವನ್ನು ಬಿಟ್ಟು ಕವಿಯು ಬೇರೆ ಕಲ್ಪಿಸಬಹುದೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಸ್ಪಷ್ಟವಾಗಿ ಅನುಜ್ಞೆ ಕೊಟ್ಟಿದ್ದಾನೆ. ಕೇಳಬೇಕಾದ ಪ್ರಶ್ನೆ ಒಂದೇ: ಬದಲಾವಣೆಯಿಂದ ರಸವು ಬೆಳೆಯಿತೆ, ಕುಗ್ಗಿತೆ?

ಈ ಪ್ರಶ್ನೆಗೆ ಉತ್ತರವು ನಮ್ಮ ಹತ್ತು ವರ್ಷದ ಮೊಮ್ಮಗನ ಬಾಯಿಂದ, ಅವನಿಗೇ ಅರಿವಿಲ್ಲದಂತೆ ಬಂದಿತು. ಇಂದಿನ ಗಣಕಯಂತ್ರದ ಮಾಯೆಗೆ ಒಗ್ಗಿದ ಆ ಹುಡುಗನಿಗೆ ಅಸ್ತ್ರಗಳ ಕಿಡಿಗಳು ನಗೆಯನ್ನೇ ತರಿಸಿದ್ದವು. ಆದರೆ ತಂದೆಮಕ್ಕಳು ಇದಿರುಬದಿರಾಗಿ ನಿಂತೊಡನೆ ಅವನ ನಗೆ ನಿಂತಿತು. “ಅಜ್ಜಾ, ಒಬ್ಬನೇ ಮನುಷ್ಯ ಎರಡು ಕಡೆ ನಿಂತದ್ದು ಹೇಗೆ?” ಎಂದು ಕೇಳಿದನು. ಆ ಕಾಲದ ಛಾಯಾಗ್ರಾಹಕರು ಮಸೂರದ ಅರ್ಧವನ್ನು ಮುಚ್ಚಿ ನಟನನ್ನು ಒಂದು ಮಗ್ಗುಲಲ್ಲಿ ಚಿತ್ರಿಸುತ್ತಿದ್ದರು. ಬಳಿಕ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ತೆರೆದು, ಅದೇ ನಟನನ್ನು ಬೇರೆ ವೇಷದಲ್ಲಿ ಇನ್ನೊಂದು ಮಗ್ಗುಲಲ್ಲಿ ನಿಲ್ಲಿಸುತ್ತಿದ್ದರು. ಬೆನ್ನು ಮಾತ್ರ ಕಾಣುವಲ್ಲಿ ಅಂತಹುದೇ ಮೈಕಟ್ಟಿನ ಮತ್ತೊಬ್ಬನು ನಿಂತರೂ ಸಾಕಾಗುತ್ತಿತ್ತು. ಇಷ್ಟನ್ನು ವಿವರಿಸಿದ ಮೇಲೆ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅರ್ಜುನ ಬೈದದ್ದು ತನ್ನ ಮುಖಕ್ಕೇ” ಎಂದನು.

ಈ ಚಿತ್ರದ ಅದ್ಭುತವು ಇಲ್ಲಿದೆ. “ನೀನು ನನ್ನ ಮಗನಲ್ಲ” ಎಂದು ತಂದೆಯು ನಿರಾಕರಿಸುತ್ತಿರುವಾಗಲೇ, ಇದಿರಿನಲ್ಲಿರುವ ಮುಖವು ಆ ನಿರಾಕರಣೆಯನ್ನು ಸುಳ್ಳುಮಾಡುತ್ತಿದೆ. ಪ್ರೇಕ್ಷಕರೆಲ್ಲರಿಗೂ ಕಾಣುತ್ತಿರುವುದು ಅರ್ಜುನನೊಬ್ಬನಿಗೆ ಕಾಣದು. ‘ಬಾಹುಬಲಿ’ಯ ಎರಡು ಭಾಗಗಳಲ್ಲಿ (2015, 2017) ಕೂಡ ತಂದೆಮಕ್ಕಳ ಪಾತ್ರಗಳನ್ನು ಪ್ರಭಾಸ್ ಎಂಬ ಒಬ್ಬನೇ ನಟನು ವಹಿಸಿದ್ದಾನೆ. ಆದರೆ ಅಲ್ಲಿ ಪ್ರಾಯಕ್ಕೆ ಬಂದ ಮಗನು ತಂದೆಯನ್ನು ಇದಿರಾಗುವುದೇ ಇಲ್ಲ. ಮುಖದ ಸಾಮ್ಯವು ಪ್ರಜೆಗಳಿಗೆ ಗುರುತು ಸಿಕ್ಕುವುದಕ್ಕೆ ಮಾತ್ರ ಒದಗುತ್ತದೆ. ‘ಬಭ್ರುವಾಹನ’ದಲ್ಲಿ ಅದೇ ಉಪಾಯವು ಕರುಣಕ್ಕೂ ರೌದ್ರಕ್ಕೂ ಆಧಾರವಾಗಿದೆ. ಯಂತ್ರದ ಚಮತ್ಕಾರವು ಅರ್ಥವನ್ನು ಹೊತ್ತು ನಿಂತಾಗ ಅದು ಹಳೆಯದಾಗುವುದಿಲ್ಲ.

ನಮ್ಮ ಯಕ್ಷಗಾನಕ್ಕೆ ಈ ಉಪಾಯವು ಲಭ್ಯವಿಲ್ಲ. ಬಭ್ರುವಾಹನನ ಪ್ರಸಂಗವು ಕರಾವಳಿಯ ರಂಗಕ್ಕೆ ಹೊಸತಲ್ಲ. ಆದರೆ ಅಲ್ಲಿ ತಂದೆಯ ವೇಷದ ಗಾಂಭೀರ್ಯವೇ ಬೇರೆ, ಮಗನ ಪುಂಡುವೇಷದ ಚುರುಕೇ ಬೇರೆ. ರಂಗಸ್ಥಳದಲ್ಲಿ ಇಬ್ಬರನ್ನೂ ಕೂಡಿಸುವುದು ಮುಖವಲ್ಲ, ಮಾತು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳವು ನೆಲೆಸಿರುವ ಸೀಮೆ ನಮ್ಮದು. ಒಳ್ಳೆಯ ಅರ್ಥವನ್ನು ಕೇಳಿ ಪಳಗಿದ ಕಿವಿಗಳು ಇಲ್ಲಿ ಮನೆಮನೆಯಲ್ಲೂ ಇವೆ. ಅಂತಹ ಕಿವಿಗೆ ಈ ಚಿತ್ರವು ಮೆಚ್ಚಿಗೆಯಾಗುವುದು ಯುದ್ಧಕ್ಕೆ ಮುಂಚಿನ ಪದ್ಯರೂಪದ ವಾಗ್ವಾದದಲ್ಲಿ. ತಂದೆಯ ಒಂದೊಂದು ವಿಜಯವನ್ನೂ ಮಗನು ಎತ್ತಿ ಆಡಿ, ಅದರ ಹಿಂದೆ ಕೃಷ್ಣನ ಕೈಯನ್ನು ತೋರಿಸುವ ಬಗೆಯು ತಾಳಮದ್ದಳೆಯ ನುರಿತ ಅರ್ಥಧಾರಿಗೂ ಒಪ್ಪುವಂತಿದೆ. ಬಿಲ್ಲೆತ್ತುವುದಕ್ಕೆ ಮೊದಲೇ ಅರ್ಜುನನು ಅಲ್ಲಿ ಸೋತಿದ್ದಾನೆ.

ದೋಷಗಳಿಲ್ಲವೆಂದಲ್ಲ. ಚಿತ್ರದ ಪೂರ್ವಾರ್ಧವು ಅರ್ಜುನನ ಪ್ರಣಯಗಳಲ್ಲಿ ಬಹಳ ಹೊತ್ತು ವಿಹರಿಸುತ್ತದೆ. ಹಾಡುಗಳು ಮಧುರವಾದರೂ ಕಥೆಯು ಅಲ್ಲಲ್ಲಿ ಕಾದು ನಿಲ್ಲುತ್ತದೆ. ಐವತ್ತರ ಸಮೀಪದಲ್ಲಿದ್ದ ನಟನಲ್ಲಿ ತರುಣ ಬಭ್ರುವಾಹನನನ್ನು ಕಾಣುವುದಕ್ಕೆ ಪ್ರೇಕ್ಷಕನ ಸೌಹಾರ್ದವೂ ಬೇಕು. ಆದರೆ ಆ ಪ್ರಣಯಭಾಗಕ್ಕೆ ಒಂದು ಸಮರ್ಥನೆಯುಂಟು: ಅಷ್ಟು ಸುಖವಾಗಿ ಕೂಡಿ ಅಷ್ಟು ಸುಲಭವಾಗಿ ಅಗಲಿದವನನ್ನು ಕಂಡಿರುವುದರಿಂದಲೇ ಮುಂದೆ ಅವನ ಬಿರುನುಡಿ ನಮ್ಮನ್ನು ಇರಿಯುತ್ತದೆ.

ಇನ್ನು ಜಗುಲಿಯ ಮಾತಿಗೆ ಬರೋಣ. ಅರ್ಜುನನ ಪತನಕ್ಕೆ ಶಾಪವೇ ಕಾರಣವೆಂದು ನಾನು ಹೇಳಿದೆನು. ಶಿಖಂಡಿಯನ್ನು ಮುಂದಿಟ್ಟು ಭೀಷ್ಮನನ್ನು ಕೆಡಹಿದ್ದಕ್ಕಾಗಿ ವಸುಗಳು ಶಪಿಸಿದರೆಂದು ವ್ಯಾಸನಲ್ಲಿದೆ. ಲಕ್ಷ್ಮೀಶನಲ್ಲಿ ಗಂಗೆಯೇ ಶಪಿಸುತ್ತಾಳೆ, ಜ್ವಾಲೆಯೆಂಬವಳು ಬಾಣವಾಗಿ ಮಗನ ಬತ್ತಳಿಕೆಯನ್ನು ಸೇರುತ್ತಾಳೆ. ಇದನ್ನು ಕೇಳಿ ನಮ್ಮ ಮನೆಯಾಕೆ ಅಡಕೆಯನ್ನು ಕತ್ತರಿಸುತ್ತಲೇ, “ಶಾಪ ಬಾಣವನ್ನು ಕೊಟ್ಟಿರಬಹುದು, ಆ ಮಾತನ್ನು ಕೊಟ್ಟದ್ದು ಶಾಪವೇ? ಅದು ಅವನದೇ ನಾಲಿಗೆ” ಎಂದಳು. ಮಗನು ಅರ್ಜುನನ ಪಕ್ಷವನ್ನು ಹಿಡಿದು, ಹುಡುಗನು ಎಂತಹವನೆಂದು ಪರೀಕ್ಷಿಸುವುದು ತಂದೆಯ ಧರ್ಮವೆಂದು ವಾದಿಸಿದನು.

ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಸೊಸೆ ಆಗ ಮಾತಾಡಿದಳು. ಅವಳ ತವರು ಭಟ್ಕಳದ ಕಡೆ. ತಂದೆಯು ಅವಳ ಬಾಲ್ಯದಲ್ಲೆಲ್ಲ ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದವರು. “ವರ್ಷಕ್ಕೊಮ್ಮೆ ಬರುವ ಅಪ್ಪನಿಗೆ ಮಕ್ಕಳನ್ನು ಪರೀಕ್ಷೆ ಮಾಡುವ ಅವಸರ ಇರುತ್ತದೆ, ಮಾವಾ, ಪರಿಚಯ ಮಾಡಿಕೊಳ್ಳುವ ಪುರುಸೊತ್ತು ಇರುವುದಿಲ್ಲ. ಅಪ್ಪ ಬಂದ ದಿನ ಮೊದಲು ಕೇಳುತ್ತಿದ್ದದ್ದು ಪರೀಕ್ಷೆಯ ಅಂಕ. ಬೈದದ್ದು ನಮಗೆ, ಒಳಗೆ ಹೋಗಿ ಅತ್ತವಳು ಆಯಿ” ಎಂದಳು. ಮಗನು ಮತ್ತೆ ವಾದಿಸಲಿಲ್ಲ. ಅವನೂ ಬೆಂಗಳೂರಿನಲ್ಲಿ ಇರುಳಾದ ಮೇಲೆ ಮನೆಗೆ ಮರಳುವವನೇ.

ಕಾವ್ಯದ ನಿಬಂಧನೆಯೊಂದು ಮಣಿಪುರದ ಮನೆಯಿಂದ ತಂದೆಯನ್ನು ದೂರವಿಟ್ಟಿತು. ನಮ್ಮ ಕರಾವಳಿಯಲ್ಲಿ ಆ ಕೆಲಸವನ್ನು ಉದ್ಯೋಗವು ಮಾಡುತ್ತಿದೆ. ಭಟ್ಕಳದಿಂದ ಕೊಲ್ಲಿಯ ದೇಶಗಳಿಗೂ, ಹೊನ್ನಾವರ ಕುಮಟೆಗಳಿಂದ ಮುಂಬಯಿ ಬೆಂಗಳೂರುಗಳಿಗೂ ಹೋದವರ ಮಕ್ಕಳನ್ನು ಎಷ್ಟೋ ಚಿತ್ರಾಂಗದೆಯರು ಬೆಳೆಸಿದ್ದಾರೆ. ಇದನ್ನು ಯಾವ ಟೀಕಾಕಾರನೂ ನನಗೆ ಹೇಳಿರಲಿಲ್ಲ. ಜನ್ಮವನ್ನು ಶಂಕಿಸುವ ಮಾತಿನ ಪೆಟ್ಟು ಮಗನಿಗಿಂತ ಮೊದಲು ತಾಯಿಗೆ ತಗಲುತ್ತದೆ. ಲಕ್ಷ್ಮೀಶನು ಕ್ಷಾತ್ರದ ಪ್ರಶ್ನೆಯನ್ನು ಮನೆಯ ಪ್ರಶ್ನೆಯನ್ನಾಗಿ ಮಾರ್ಪಡಿಸಿದ್ದು ಇದಕ್ಕಾಗಿಯೇ, ಚಿತ್ರವು ಅವನನ್ನು ಅನುಸರಿಸಿದ್ದೂ ಇದಕ್ಕಾಗಿಯೇ. ಬದಲಾವಣೆಯಿಂದ ರಸವು ಬೆಳೆದಿದೆಯೆಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ.

ಹಿಂದೆ ಇರುಳಿಡೀ ಆಟ ನೋಡಿ ಬಂದವರು ಮರುದಿನ ತೋಟದಲ್ಲಿ ಕೆಲಸ ಮಾಡುತ್ತಲೇ ಯಾವ ವೇಷಧಾರಿಯ ಅರ್ಥ ಸರಿ, ಯಾರದು ತಪ್ಪು ಎಂದು ಜಗಳವಾಡುತ್ತಿದ್ದರು. ಈಗ ಒಂದೇ ಮನೆಯಲ್ಲಿ ಐವರು ಐದು ಮೊಬೈಲುಗಳಲ್ಲಿ ಐದು ಚಿತ್ರಗಳನ್ನು ನೋಡುತ್ತಾರೆ. ಅವರು ಕಂಡ ಅದ್ಭುತಕ್ಕೆ ಕೊರತೆಯಿಲ್ಲ, ಆಡಿಕೊಳ್ಳುವುದಕ್ಕೆ ಜೊತೆಯಿಲ್ಲ. ತಿಂಗಳಿಗೊಂದು ಚಿತ್ರವನ್ನಾದರೂ ಕೂಡಿ ನೋಡಿ, ಟೀವಿಯನ್ನು ಆರಿಸಿ, ಕಿರಿಯರಿಗೆ ಮೊದಲು ಮಾತು ಬಿಟ್ಟುಕೊಡುವುದು ಗೃಹಸ್ಥರಿಗೆ ಕಷ್ಟವಾಗಲಾರದು. ಹಿರಿಯರು ಮೊದಲೇ ತೀರ್ಪು ಕೊಟ್ಟರೆ ಅಲ್ಲಿಗೆ ಸಭೆ ಮುಗಿಯಿತು.

ಆ ರಾತ್ರಿ ನಮ್ಮ ಮೊಮ್ಮಗಳು ಕೊನೆಯದಾಗಿ ಒಂದು ಪ್ರಶ್ನೆ ಕೇಳಿದಳು: “ಅರ್ಜುನ ಬದುಕಿ ಎದ್ದಮೇಲೆ ಚಿತ್ರಾಂಗದೆಯ ಹತ್ತಿರ ತಪ್ಪಾಯಿತು ಅಂದನೇ?” ವ್ಯಾಸನನ್ನೂ ಲಕ್ಷ್ಮೀಶನನ್ನೂ ಅಂದಿನಿಂದ ಮತ್ತೆ ತೆಗೆದು ಓದುತ್ತಿದ್ದೇವೆ. ಓದುವವಳು ಅವಳು, ಕೇಳುವವರು ನಾವು.