ಗ್ಲೋವ್ ಬಾಕ್ಸಿನೊಳಗೆ ಮಲಗಿರುವ ಪುಸ್ತಕ

ದುಡ್ಡು ಕೊಟ್ಟು ಮನೆಗೆ ತಂದೂ ಯಾರೂ ಓದದ ಪುಸ್ತಕಗಳಲ್ಲಿ ಕಾರಿನ ಓನರ್ಸ್ ಮ್ಯಾನ್ಯುಯಲ್‌ಗೆ ಮೊದಲ ಮಣೆ ಹಾಕಬೇಕು. ಹೊಸ ಗಾಡಿಯ ಕೀ ಕೈಗೆ ಬಂದ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಫೋಟೊ ತೆಗೆಸಿಕೊಂಡು ಹೊರಡುವ ಗಡಿಬಿಡಿಯಲ್ಲಿ ಪುಸ್ತಕ ಪ್ಲಾಸ್ಟಿಕ್ ಚೀಲದ ಸಮೇತ ಗ್ಲೋವ್ ಬಾಕ್ಸ್ ಸೇರುತ್ತದೆ. ಅದರ ಮೇಲೆ ಇನ್ಶೂರೆನ್ಸ್ ಪ್ರತಿ, ಎಮಿಷನ್ ಚೀಟಿ, ಧರ್ಮಸ್ಥಳದ ಪ್ರಸಾದದ ಪೊಟ್ಟಣ ಬಂದು ಕೂರುತ್ತವೆ. ಆಮೇಲೆ ಏನೇ ಸಂಶಯ ಬಂದರೂ ಕೇಳುವುದು ಭಾವನನ್ನು, ಪಕ್ಕದ ಮನೆಯವರನ್ನು, ಇಲ್ಲವೇ ಗ್ಯಾರೇಜಿನ ಭಾಯಿಯನ್ನು. ಕಾರನ್ನು ಕಡಿಮೆ ಖರ್ಚಿನಲ್ಲಿ ಸಾಕುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿಗುವ ಅತ್ಯಂತ ವಿಶ್ವಾಸಾರ್ಹ ಉತ್ತರ ಆ ಪೊಟ್ಟಣದ ಕೆಳಗೇ ಇದೆ. ಆದರೆ ಆ ಉತ್ತರವನ್ನು ಜನ ಓದದಿರುವುದಕ್ಕೆ ಜನರಷ್ಟೇ ಪುಸ್ತಕವೂ ಹೊಣೆ.

ಈ ಕೃತಿಗೆ ಇಬ್ಬರು ಕರ್ತೃಗಳಿದ್ದಾರೆ ಎನ್ನುವುದು ಮೊದಲ ಹತ್ತು ಪುಟಗಳಲ್ಲೇ ಗೊತ್ತಾಗುತ್ತದೆ. ಒಬ್ಬ ಇಂಜಿನಿಯರ್, ಇನ್ನೊಬ್ಬ ವಕೀಲ. ವಕೀಲರು ಮುಂದಿನ ಸೀಟಿನಲ್ಲಿ ಕೂತಿದ್ದಾರೆ. ಸೀಟ್ ಬೆಲ್ಟ್, ಏರ್‌ಬ್ಯಾಗ್, ಮಕ್ಕಳ ಸೀಟು, ಎಚ್ಚರಿಕೆ, ಮತ್ತೆ ಎಚ್ಚರಿಕೆ. ಇವೆಲ್ಲ ಬೇಕಾದದ್ದೇ. ಆದರೆ ಪ್ರತಿ ಪುಟದಲ್ಲೂ ಹಳದಿ ತ್ರಿಕೋನ ಕಂಡರೆ ಯಾವುದು ನಿಜಕ್ಕೂ ಪ್ರಾಣಕ್ಕೆ ಸಂಬಂಧಿಸಿದ್ದು, ಯಾವುದು ಕಂಪನಿಯ ಮೈಗಾವಲಿಗೆ ಬರೆದದ್ದು ಎಂದು ಓದುಗ ಬೇರೆ ಮಾಡುವುದಾದರೂ ಹೇಗೆ? ಇಂಜಿನಿಯರ್ ಬರೆದ ಭಾಗ ಪುಸ್ತಕದ ಹಿಂದಿನ ಕಾಲುಭಾಗದಲ್ಲಿದೆ. ಅಲ್ಲಿಯವರೆಗೆ ಬರುವ ಓದುಗರು ವಿರಳ.

ಬಂದವರಿಗೆ ಮಾತ್ರ ನಷ್ಟವಿಲ್ಲ. ಮೆಂಟೆನೆನ್ಸ್ ಷೆಡ್ಯೂಲ್ ಎಂಬ ಆ ಕೋಷ್ಟಕ ಮಿತವ್ಯಯದ ಶಾಸ್ತ್ರಗ್ರಂಥವೇ ಸರಿ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು: ನಮ್ಮ ಬಹುಪಾಲು ಪೆಟ್ರೋಲ್ ಕಾರುಗಳ ಆಯಿಲ್ ಬದಲಾವಣೆಯ ಲೆಕ್ಕ ಇಷ್ಟೇ. ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುವ ನಿವೃತ್ತ ಮೇಷ್ಟ್ರು ‘ನಾನು ಓಡಿಸಿದ್ದೇ ಮೂರು ಸಾವಿರ, ಆಯಿಲ್ ಇನ್ನೂ ಹೊಸದು’ ಎಂದುಕೊಳ್ಳುತ್ತಾರೆ. ‘ಯಾವುದು ಮೊದಲೋ ಅದು’ ಎಂಬ ಮಾತು ಬರೆದಿರುವುದು ಅವರಿಗಾಗಿಯೇ. ಇಂಜಿನ್ ಪೂರ್ತಿ ಬಿಸಿಯಾಗದ ಸಣ್ಣ ಸಣ್ಣ ಓಡಾಟಗಳಲ್ಲಿ ತೇವ ಮತ್ತು ಸುಡದ ಪೆಟ್ರೋಲು ಆಯಿಲ್‌ಗೆ ಸೇರುತ್ತಾ ಹೋಗುತ್ತವೆ. ನಿಂತ ಗಾಡಿಯ ಆಯಿಲ್ ಕೂಡ ಹಳತಾಗುತ್ತದೆ.

ಇದೇ ಕೋಷ್ಟಕದ ಪಕ್ಕದಲ್ಲಿ, ಬಹುತೇಕ ಮ್ಯಾನ್ಯುಯಲ್‌ಗಳಲ್ಲಿ, ಇನ್ನೊಂದು ಸಣ್ಣ ಕೋಷ್ಟಕವಿರುತ್ತದೆ: ಕಠಿಣ ಪರಿಸ್ಥಿತಿಯಲ್ಲಿ ಓಡುವ ವಾಹನಗಳಿಗೆ. ಧೂಳಿನ ರಸ್ತೆ, ಪದೇ ಪದೇ ನಿಂತು ಸಾಗುವ ಟ್ರಾಫಿಕ್, ಚಿಕ್ಕ ದೂರದ ಓಡಾಟ, ಭಾರ ಹೊತ್ತು ಘಟ್ಟ ಹತ್ತುವುದು. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ದಿನವೂ ಕೆಲಸಕ್ಕೆ ಹೋಗುವವರು, ಬಳ್ಳಾರಿಯ ಗಣಿಧೂಳಿನಲ್ಲಿ ಓಡಾಡುವವರು, ಮಲೆನಾಡಿನ ತೋಟದ ದಾರಿಯಲ್ಲಿ ಇಳಿದು ಹತ್ತುವವರು, ಎಲ್ಲರೂ ಈ ಎರಡನೇ ಕೋಷ್ಟಕದವರೇ. ಅಂದರೆ ನಮ್ಮ ಪಾಲಿಗೆ ನಿತ್ಯದ ಬದುಕಾಗಿರುವುದನ್ನು ಪುಸ್ತಕ ಅಪವಾದವೆಂದು ಮೂಲೆಗೆ ಸರಿಸಿದೆ. ಏರ್ ಫಿಲ್ಟರ್, ಆಯಿಲ್, ಬ್ರೇಕ್ ಪ್ಯಾಡುಗಳ ಅವಧಿ ಅಲ್ಲಿ ಕಡಿಮೆ. ಸಂಪಾದಕೀಯ ದೃಷ್ಟಿಯಿಂದ ಇದು ದೊಡ್ಡ ಲೋಪವೆಂದೇ ನನ್ನ ಎಣಿಕೆ.

ಅದಕ್ಕಿಂತ ದೊಡ್ಡ ಲೋಪ ಬೇರೆ ಇದೆ. ಈ ಪುಸ್ತಕ ‘ಮಾಡು’ ಎನ್ನುತ್ತದೆ, ‘ಮಾಡಬೇಡ’ ಎನ್ನುತ್ತದೆ, ‘ಏಕೆ’ ಎಂಬಲ್ಲಿ ಮೌನ. ಕೂಲೆಂಟ್ ವಿಷಯವನ್ನೇ ನೋಡಿ. ಇಂಥದ್ದೇ ಕೂಲೆಂಟ್ ಬಳಸಿ, ಬರೀ ನೀರು ಹಾಕಬೇಡಿ ಎಂದು ಬರೆದಿರುತ್ತದೆ. ಓದಿದವರೂ ‘ನಮ್ಮೂರಲ್ಲೇನು ಹಿಮ ಬೀಳುತ್ತದೆಯೇ’ ಎಂದು ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುತ್ತಾರೆ. ಕೂಲೆಂಟ್ ನೀರಿನ ಕುದಿಬಿಂದುವನ್ನು ಮೇಲೇರಿಸುತ್ತದೆ, ಇಂಜಿನ್ನಿನ ಒಳಗಿನ ಅಲ್ಯೂಮಿನಿಯಮ್ ತುಕ್ಕು ಹಿಡಿದು ಸವೆಯದಂತೆ ಕಾಯುತ್ತದೆ. ಕೋಲಾರದ ಕಡೆಯ ಗಡಸು ನೀರು ಸ್ನಾನದ ಮನೆಯ ನಲ್ಲಿಗೆ ಏನು ಮಾಡುತ್ತದೋ ಅದನ್ನೇ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಮಾಡುತ್ತದೆ. ಈ ಎರಡು ಸಾಲು ಪುಸ್ತಕದಲ್ಲಿದ್ದಿದ್ದರೆ ಎಷ್ಟೋ ಹೆಡ್ ಗ್ಯಾಸ್ಕೆಟ್ಟುಗಳು ಉಳಿಯುತ್ತಿದ್ದವು.

ಕಾರಣ ಹೇಳದ ಸಲಹೆಗೆ ಇನ್ನೊಂದು ದೋಷವಿದೆ: ಅದು ಯಾವಾಗ ಹಳತಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಬಾಯಿಮಾತಿನ ಕಾರುಶಾಸ್ತ್ರದ ಬಹುಭಾಗ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರ್ ಕಾಲದ್ದು. ಆಗ ಬೆಳಿಗ್ಗೆ ಚೋಕ್ ಎಳೆದು ಗಾಡಿಯನ್ನು ಐದು ನಿಮಿಷ ಬಿಸಿ ಮಾಡುವುದು ಅಗತ್ಯವಾಗಿತ್ತು. ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಸ್ವಲ್ಪ ಉಳಿಯುತ್ತಿದ್ದುದೂ ನಿಜ. ಈಗಿನ ಫ್ಯುಯೆಲ್ ಇಂಜೆಕ್ಷನ್ ಇಂಜಿನ್‌ನಲ್ಲಿ ಲೆಕ್ಕ ತಲೆಕೆಳಗು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ಉಳಿಸಲು ಪೆಟ್ರೋಲ್ ಸುಡಲೇಬೇಕು. ಚಾರ್ಮಾಡಿಯನ್ನು ನ್ಯೂಟ್ರಲ್‌ನಲ್ಲಿ ಇಳಿಯುವವರು ಪೆಟ್ರೋಲನ್ನೂ ಕಳೆದುಕೊಳ್ಳುತ್ತಾರೆ, ಇಂಜಿನ್ ಬ್ರೇಕನ್ನೂ ಬಿಟ್ಟುಕೊಡುತ್ತಾರೆ.

ಅಲ್ಲಿಂದ ಮಾತು ಬ್ರೇಕ್ ಆಯಿಲ್‌ಗೆ ಬರುತ್ತದೆ. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಮ್ಯಾನ್ಯುಯಲ್ ಸಾಮಾನ್ಯವಾಗಿ ಹೇಳುತ್ತದೆ. ಅಷ್ಟೇ ಹೇಳುತ್ತದೆ. ಡಬ್ಬಿಯಲ್ಲಿ ಆಯಿಲ್ ಮೇಲಿನ ಗೆರೆಯವರೆಗೂ ಇರುವಾಗ ಏಕೆ ಬದಲಾಯಿಸಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ಮಾನದಂಡದ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕರಾವಳಿಯ ಮಳೆಗಾಲಗಳನ್ನು ಕಂಡ ಗಾಡಿ, ಕಾದ ಬ್ರೇಕು, ಉದ್ದದ ಇಳಿಜಾರು, ಇಷ್ಟು ಸೇರಿದರೆ ಆಯಿಲ್ ಕುದಿದು ಗುಳ್ಳೆಯಾಗಿ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ. ಕೆಲವೇ ನೂರು ರೂಪಾಯಿಯ ಆಯಿಲ್. ಹತ್ತಾರು ಎಚ್ಚರಿಕೆಯ ತ್ರಿಕೋನಗಳನ್ನು ಅಚ್ಚು ಹಾಕಿದ ಪುಸ್ತಕಕ್ಕೆ ಇದನ್ನು ವಿವರಿಸಲು ಜಾಗ ಸಿಗಲಿಲ್ಲವೇ?

ಕಾರಣವಿಲ್ಲದ ಜಾಗಕ್ಕೆ ಬೇರೆಯವರು ಕಾರಣ ತಂದು ತುಂಬುತ್ತಾರೆ. ಸರ್ವಿಸ್ ಸೆಂಟರಿನ ಅಡ್ವೈಸರ್ ಆ ಕಲೆಯಲ್ಲಿ ನಿಪುಣ. ‘ಸಾರ್, ಇಂಜಿನ್ ಫ್ಲಶ್ ಮಾಡಿಸಿಬಿಡಿ, ಒಳಗೆಲ್ಲ ಕಾರ್ಬನ್ ಕೂತಿರುತ್ತೆ, ಪಿಕಪ್ ಬರುತ್ತೆ.’ ಡೀಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನರ್, ಎ.ಸಿ. ಡಿಸ್‌ಇನ್ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್, ಮೇಲೊಂದು ಟೆಫ್ಲಾನ್ ಪಾಲಿಶ್. ಮುಖ್ಯ ಸರ್ವಿಸಿನ ಬಿಲ್ಲಿಗಿಂತ ಇವುಗಳ ಬಿಲ್ಲೇ ಉದ್ದವಾಗುವುದುಂಟು. ಇವೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಉಪ್ಪುಗಾಳಿಯ ಉಡುಪಿ, ಕಾರವಾರಗಳಲ್ಲಿ ಅಂಡರ್‌ಬಾಡಿ ಕೋಟಿಂಗಿಗೆ ಅರ್ಥವಿದೆ. ಅದೇ ಕೋಟಿಂಗನ್ನು ರಾಯಚೂರಿನ ಗಾಡಿಗೆ ಹೊಡೆಸಿದರೆ ದುಡ್ಡು ದಂಡ. ಅಡ್ವೈಸರ್ ಹೇಳಿದ ಕೆಲಸ ಕೋಷ್ಟಕದಲ್ಲಿದೆಯೇ ಎಂದು ಗ್ಲೋವ್ ಬಾಕ್ಸ್ ತೆಗೆದು ನೋಡುವುದು ಸುಲಭದ ಪರೀಕ್ಷೆ. ಅಂದಹಾಗೆ ಹಲವು ಕಾರುಗಳಲ್ಲಿ ಎ.ಸಿ.ಯ ಕ್ಯಾಬಿನ್ ಫಿಲ್ಟರ್ ಇರುವುದೂ ಅದೇ ಗ್ಲೋವ್ ಬಾಕ್ಸಿನ ಹಿಂದೆ. ಸ್ಕ್ರೂಡ್ರೈವರ್ ಕೂಡ ಬೇಡದೆ ಮನೆಯಲ್ಲೇ ಬದಲಾಯಿಸಬಹುದು, ಲೇಬರ್ ಚಾರ್ಜ್ ಉಳಿಯುತ್ತದೆ.

ಬಂಕಿನ ಗಾಳಿಯ ಕಥೆಯೂ ಇಂಥದ್ದೇ. ‘ಎಷ್ಟು ಸಾರ್?’ ಎಂದರೆ ‘ಮೂವತ್ತೈದು ಹಾಕಪ್ಪ’ ಎನ್ನುವುದು ರೂಢಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಸ್ಟಿಕ್ಕರಿನಲ್ಲಿ ನಿಮ್ಮ ಗಾಡಿಯ ಅಂಕಿ ಇರುತ್ತದೆ. ಅದು ಟೈರ್ ತಣ್ಣಗಿರುವಾಗಿನ ಅಂಕಿ. ಟೈರಿನ ಮೈಮೇಲೆ ಕೊರೆದಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ, ಹಾಕಿಸಬೇಕಾದ ಒತ್ತಡವಲ್ಲ. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಜಾಸ್ತಿ ಎಂದು ದುಡ್ಡು ಕೊಡುವವರಿಗೆ, ಪುಕ್ಕಟೆ ಸಿಗುವ ಗಾಳಿಯಲ್ಲೂ ನೂರಕ್ಕೆ 78 ಭಾಗ ಅದೇ ಇದೆ ಎಂದು ನೆನಪಿಸಿದರೆ ಸಾಕು.

ಗ್ಯಾರೇಜಿನ ಭಾಯಿಯನ್ನು ಈ ಸಾಲಿಗೆ ಸೇರಿಸಲು ಮನಸ್ಸು ಒಪ್ಪುವುದಿಲ್ಲ. ವಾರಂಟಿ ಮುಗಿದ ಕಾರಿಗೆ ಅವನೇ ದಿಕ್ಕು. ಇಡೀ ಅಸೆಂಬ್ಲಿ ಬದಲಾಯಿಸಬೇಕು ಎಂದು ಕಂಪನಿಯವರು ಹೇಳುವಲ್ಲಿ ಅವನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಬುಷ್ ತರಿಸಿ ಕೂರಿಸುತ್ತಾನೆ. ಬಾಗಿಲಿನ ತಳದಲ್ಲಿ ನೀರಿಳಿಯುವ ತೂತುಗಳು ಕೆಮ್ಮಣ್ಣಿನಿಂದ ಕಟ್ಟಿಕೊಂಡು ಬಾಗಿಲು ಒಳಗಿನಿಂದ ಕೊಳೆಯುತ್ತದೆ ಎಂದು ಕಡ್ಡಿಯಿಂದ ಚುಚ್ಚಿ ತೋರಿಸುವವನೂ ಅವನೇ. ಮಲೆನಾಡಿನಲ್ಲಿ ಇಲಿಗಳು ವೈರು ಕಡಿಯದಿರಲೆಂದು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿಡುತ್ತಾರೆ. ಅದು ಎಷ್ಟು ಕೆಲಸ ಮಾಡುತ್ತದೋ, ಸಮಸ್ಯೆಯನ್ನಂತೂ ಒಪ್ಪಿಕೊಳ್ಳುತ್ತದೆ. ಮ್ಯಾನ್ಯುಯಲ್ ಇಲಿಗಳ ಬಗ್ಗೆ ತಲೆಯನ್ನೇ ಕೆಡಿಸಿಕೊಂಡಿಲ್ಲ.

ಆದರೆ ಭಾಯಿಯೂ ತನ್ನ ಕಾಲದಲ್ಲಿ ಸಿಕ್ಕಿಕೊಂಡಿದ್ದಾನೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹಲವು ಹೊಸ ಪೆಟ್ರೋಲ್ ಕಾರುಗಳು ನೀರಿನಂತೆ ತೆಳುವಾದ 0ಡಬ್ಲ್ಯೂ-16 ಆಯಿಲ್ ಕೇಳುತ್ತವೆ. ದಪ್ಪ ಆಯಿಲ್ ಇಂಜಿನ್‌ಗೆ ಒಳ್ಳೆಯದು ಎಂದು ನಂಬಿ ಬೆಳೆದವನು 20ಡಬ್ಲ್ಯೂ-40 ಸುರಿದು ‘ಸೌಂಡ್ ಎಷ್ಟು ಸ್ಮೂತ್ ಆಯ್ತು ನೋಡಿ’ ಎನ್ನುತ್ತಾನೆ. ಡೀಸೆಲ್ ಗಾಡಿಯಲ್ಲಿ ಪೆಟ್ಟು ಇನ್ನೂ ಜೋರು. ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಬಿಸಿಯೇರಿ ಆ ಮಸಿ ಸುಟ್ಟುಹೋಗುತ್ತದೆ. ದಿನವೂ ಮಗುವನ್ನು ಸ್ಕೂಲಿಗೆ ಬಿಟ್ಟು ಬರುವ ಮೂರು ಕಿಲೋಮೀಟರಿಗೆ ಡೀಸೆಲ್ ಕಾರು ಕೊಂಡವರ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದಾಗ ಏನು ಮಾಡಬೇಕೆಂದು ಮ್ಯಾನ್ಯುಯಲ್ ಸ್ಪಷ್ಟವಾಗಿ ಬರೆದಿದೆ. ಆ ದೀಪವನ್ನು ತಿಂಗಳುಗಟ್ಟಲೆ ನಿರ್ಲಕ್ಷಿಸಿದವರು ಕಟ್ಟುವ ಬಿಲ್ಲಿನಲ್ಲಿ ಒಂದು ಹಳೆಯ ಸ್ಕೂಟರ್ ಬರುತ್ತದೆ.

ಅಚ್ಚಾದ ಪುಸ್ತಕಕ್ಕೆ ಕಾಲದ ಕಾಟ ತಪ್ಪಿದ್ದಲ್ಲ. ಕೆಲವೇ ವರ್ಷ ಹಳೆಯ ಎಷ್ಟೋ ಮ್ಯಾನ್ಯುಯಲ್‌ಗಳು ಶೇ. 10ರವರೆಗೆ ಎಥೆನಾಲ್ ಸೇರಿದ ಪೆಟ್ರೋಲ್ ಮಾತ್ರ ಬಳಸಲು ಹೇಳುತ್ತವೆ. 2025ರ ಹೊತ್ತಿಗೆ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲೇ ಶೇ. 20ರದ್ದು. ಹಳೆಯ ಕಾರುಗಳ ಮೈಲೇಜ್ ಶೇ. 6ರಿಂದ 7ರಷ್ಟು ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಮಾಲೀಕರು ಪುಸ್ತಕದ ಮಾತು ಕೇಳಬೇಕೋ ಬಂಕಿನ ಮಾತು ಕೇಳಬೇಕೋ? ಕಂಪನಿಗಳು ಹಳೆಯ ಗಿರಾಕಿಗಳಿಗೆ ಒಂದು ಹಾಳೆಯ ತಿದ್ದೋಲೆ ಕಳಿಸಿದ್ದರೂ ಸಾಕಿತ್ತು.

ಈ ಪ್ರಕಾರಕ್ಕೆ ಬೇರೆಯದೇ ದಾರಿಯೂ ಇತ್ತು. 1969ರಲ್ಲಿ ಅಮೆರಿಕದ ಜಾನ್ ಮ್ಯೂರ್ ಎಂಬ ಇಂಜಿನಿಯರ್ ಫೋಕ್ಸ್‌ವ್ಯಾಗನ್ ಕಾರಿನ ರಿಪೇರಿಗೆ ಬರೆದ ಪುಸ್ತಕ, ಏನೂ ಗೊತ್ತಿಲ್ಲದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹರಟೆ ಹೊಡೆಯುವಂತೆ, ಚಿತ್ರಗಳ ಸಮೇತ ಹೇಳಿಕೊಡುತ್ತಿತ್ತು. ಇಂಗ್ಲೆಂಡಿನ ಹೇನ್ಸ್ ಮ್ಯಾನ್ಯುಯಲ್‌ಗಳು ಒಂದು ಗಾಡಿಯನ್ನು ಪೂರ್ತಿ ಬಿಚ್ಚಿ ಜೋಡಿಸಿದ ಅನುಭವದ ಮೇಲೆ ಬರೆದವು. ಇಂಥ ಪರಂಪರೆ ನಮ್ಮಲ್ಲಿ ಹುಟ್ಟದಿರಲು ಕೂಲಿ ಅಗ್ಗವಿದ್ದುದೂ ಒಂದು ಕಾರಣವಿರಬೇಕು; ಬಿಚ್ಚುವ ಕೈ ಬೇರೆಯವರದಾಗಿದ್ದಾಗ ಪುಸ್ತಕ ಯಾರಿಗೆ ಬೇಕು?

ದುಡ್ಡಿನ ಲೆಕ್ಕವನ್ನು ಮ್ಯಾನ್ಯುಯಲ್ ಬಾಯಲ್ಲೂ ಎತ್ತುವುದಿಲ್ಲ. ಅದು ತನ್ನ ಕೆಲಸವಲ್ಲ ಎಂದು ಅದು ಹೇಳಬಹುದು. ಆದರೂ ಕಾರಿನ ಖರ್ಚು ಇಂಜಿನ್‌ಗಿಂತ ಕಾಗದಗಳಲ್ಲಿ ಹೆಚ್ಚು ಸೋರುತ್ತದೆ. ಬಂಪರಿಗೆ ಗೀರು ಬಿದ್ದಿದ್ದಕ್ಕೆ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ, ಐದು ವರ್ಷ ಕ್ಲೇಮಿಲ್ಲದೆ ಓಡಿಸಿದವರಿಗೆ ಸಿಗುವ ಶೇ. 50ರ ನೋ ಕ್ಲೇಮ್ ಬೋನಸ್ ಒಂದೇ ಏಟಿಗೆ ಹೋಗಬಹುದು. ಆ ಬೋನಸ್ ಮಾಲೀಕನದು, ಗಾಡಿಯದಲ್ಲ. ಮಾರುವಾಗ ಪ್ರಮಾಣಪತ್ರ ಪಡೆದು ಹೊಸ ಕಾರಿಗೆ ಒಯ್ಯಬಹುದು. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಭಾರಿ ಇರುವುದರಿಂದ, ಇಲ್ಲೇ ನೋಂದಣಿಯಾದ ಮೂರು ನಾಲ್ಕು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಮೊದಲ ಮಾಲೀಕ ತೆರಿಗೆಯನ್ನೂ ಕಟ್ಟಿರುತ್ತಾನೆ, ಬೆಲೆಯ ಕುಸಿತವನ್ನೂ ಹೊತ್ತಿರುತ್ತಾನೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗಲಾದರೂ ಈ ಪುಸ್ತಕವನ್ನು ಕೇಳಿ ಪಡೆಯಬೇಕು. ಅದರೊಂದಿಗೆ ಬರುವ ಸರ್ವಿಸ್ ದಾಖಲೆಯ ಪುಟಗಳಲ್ಲಿ ದಿನಾಂಕ, ಕಿಲೋಮೀಟರ್, ಸೀಲು ಇರುತ್ತವೆ. ವರ್ಷಕ್ಕೆ ಹದಿನೈದು ಸಾವಿರದಂತೆ ಏರುತ್ತಿದ್ದ ಅಂಕಿ ಕೊನೆಯ ಎರಡು ವರ್ಷ ಇದ್ದಕ್ಕಿದ್ದಂತೆ ಎರಡು ಸಾವಿರಕ್ಕೆ ಇಳಿದಿದ್ದರೆ ಓಡೋಮೀಟರಿಗೆ ಯಾರೋ ಕೈ ಹಾಕಿರಬಹುದು. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಜೊತೆಗಿಟ್ಟು ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಇಪ್ಪತ್ತು ಸಾವಿರವೇ ಓಡಿದೆ ಎನ್ನುವ ಐದು ವರ್ಷದ ಗಾಡಿಗೆ ನಾಲ್ಕೂ ಟೈರ್ ಕಳೆದ ವರ್ಷದವಾಗಿದ್ದರೆ, ಬೆಲೆ ಮಾತಾಡುವ ಮೊದಲು ಟೈರ್ ಏಕೆ ಬದಲಾಯಿತು ಎಂದು ಕೇಳಿ.