ಹೊರಗೆ ಕೂತು ಓದುವುದು: ರಸಿಕರಿಗೊಂದು ಕೈಪಿಡಿ

ಪಾರ್ಕಿನಲ್ಲಿ ಕೂತು ಓದುತ್ತೇನೆಂದು ಹುಮ್ಮಸ್ಸಿನಲ್ಲಿ ಹೊರಟವರು ಅರ್ಧ ಗಂಟೆಯಲ್ಲೇ ಪುಸ್ತಕ ಮಡಚುವುದುಂಟು. ಇರುವೆ, ಗಾಳಿ, ಕಡಲೆಕಾಯಿ ಮಾರುವವನ ಕೂಗು, ಪಕ್ಕದ ಬೆಂಚಿನವರ ಮನೆಜಗಳ. ನಾಲ್ಕು ಪುಟವೂ ಸಾಗಲಿಲ್ಲ ಎಂದು ಬೇಸರ. ಒಳಗಿನ ಓದಿನ ಲೆಕ್ಕವನ್ನು ಹೊರಗೆ ಹಾಕಿದರೆ ಹೀಗೇ ಆಗುವುದು. ಮನೆಯಲ್ಲಿ ಪುಟದಿಂದ ಕಣ್ಣು ತೆಗೆದರೆ ಎದುರಿಗೆ ಗೋಡೆ, ಇಲ್ಲವೇ ಟೀವಿ. ಹೊರಗೆ ಹಾಗಲ್ಲ, ತಲೆ ಎತ್ತಿದಾಗಲೂ ಓದು ನಡೆದೇ ಇರುತ್ತದೆ. ಪುಟದ ಲೆಕ್ಕ ಬಿಟ್ಟವರಿಗೆ ಮಾತ್ರ ಈ ರುಚಿ ಹತ್ತುತ್ತದೆ.

ಮೊದಲು ನೆರಳು ನೋಡುವುದನ್ನು ಕಲಿಯಬೇಕು. ಹೊಂಗೆಯ ನೆರಳು ದಟ್ಟ, ತಂಪು. ಓದಿಗೆ ಅದನ್ನು ಮೀರಿಸಿದ್ದಿಲ್ಲ. ಹುಣಸೆಯದು ಹಾಗಲ್ಲ. ಅದರ ಸಣ್ಣೆಲೆಗಳ ನಡುವಿಂದ ಬಿಸಿಲು ಜರಡಿ ಹಿಡಿದ ಹಾಗೆ ಉದುರುತ್ತದೆ, ಗಾಳಿ ಬೀಸಿದರೆ ಆ ಚುಕ್ಕಿಗಳು ಅಕ್ಷರಗಳ ಮೇಲೆ ಓಡಾಡಿ ಸಾಲು ತಪ್ಪಿಸುತ್ತವೆ. ಆಲ, ಅತ್ತಿ, ಗೋಣಿ ಹಣ್ಣು ಬಿಟ್ಟ ಕಾಲದಲ್ಲಿ ಅವುಗಳ ಬುಡದಲ್ಲಿ ಕೂರುವವರು ಹಕ್ಕಿಗಳ ಔದಾರ್ಯಕ್ಕೆ ತಯಾರಾಗಿರಬೇಕು. ಮಾವಿನ ಕಾಂಡಕ್ಕೆ ಬೆನ್ನು ಕೊಡುವ ಮುಂಚೆ ಕೆಂಜಿಗದ ಸಾಲು ಇದೆಯೇ ನೋಡಿಕೊಳ್ಳಿ. ಮಳೆಮರದ್ದೊಂದು ಸೊಗಸು. ಸಂಜೆಯಾಗುತ್ತಿದ್ದಂತೆ ಅದರ ಎಲೆಗಳು ಮಡಚಿಕೊಳ್ಳುತ್ತವೆ. ಹೊತ್ತು ಇಳಿದು ಅಕ್ಷರ ಮಸುಕಾಗುವ ವೇಳೆಗೆ ಮರವೇ ಇನ್ನಷ್ಟು ಬೆಳಕು ಬಿಟ್ಟುಕೊಡುತ್ತದೆ.

ನೆರಳು ನೀವು ಕೂತಲ್ಲೇ ಕೂರುವುದಿಲ್ಲ. ಬೆಳಗ್ಗೆ ಅದು ಮರದ ಪಡುವಣಕ್ಕೆ ಚಾಚಿರುತ್ತದೆ, ಹೊತ್ತೇರಿದಂತೆ ಕುಗ್ಗುತ್ತಾ ಬುಡದತ್ತ ಸರಿಯುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರದ ಕಡೆಯಿಂದ ಸುತ್ತುತ್ತದೆ. ಆಗ ಮರದ ವಾಯವ್ಯಕ್ಕೆ ಚಾಪೆ ಹಾಸಿದವರು ಮಧ್ಯಾಹ್ನದವರೆಗೂ ಏಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ, ನಡುಹಗಲಲ್ಲಿ ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಚಾಪೆ ನೈರುತ್ಯಕ್ಕೆ ಹೋಗಬೇಕು. ವಾಸ್ತು ಪಂಡಿತರಿಗೆ ದಕ್ಷಿಣೆ ಕೊಡದೆ ದಿಕ್ಕು ನೋಡುವ ಸುಖ ಇದೊಂದರಲ್ಲೇ ಇರಬೇಕು.

ಕಣ್ಣಿಗೆ ಇದರಿಂದ ಲಾಭವಿದೆಯೇ? ಇದೆ, ಆದರೆ ಪುಸ್ತಕದಿಂದಲ್ಲ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಉರಿಬಿಸಿಲು ಸುಮಾರು 1 ಲಕ್ಷ. ದೀಪ ಹಾಕಿದ ಕೋಣೆಯಲ್ಲಿ ಸಿಗುವುದು ಕೆಲವು ನೂರು, ಹೊರಗಿನ ನೆರಳಲ್ಲೇ ಸಾವಿರಾರು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯಿದ್ದ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು 3 ವರ್ಷ ಗಮನಿಸಿದರು. ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ. 30ರಷ್ಟು, ಉಳಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಶೇ. 40. ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಹೊರಗೆ ಕೂತು ಓದಿದವರೇನಲ್ಲ, ನೆನಪಿರಲಿ. ದೊಡ್ಡವರ ಮಟ್ಟಿಗೆ ಹೇಳುವುದಾದರೆ, ದೂರ ನೋಡಿದಾಗ ಹತ್ತಿರದ ಓದಿಗೆ ಬಿಗಿದುಕೊಂಡ ಕಣ್ಣಿನ ಸ್ನಾಯು ಸಡಿಲುತ್ತದೆ. ತಲೆ ಎತ್ತಿ ಗಿಳಿ ಹಿಂಡು ನೋಡಿದ್ದು ಸೋಮಾರಿತನವಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಪುಸ್ತಕ ಆರಿಸುವಾಗ ನೋಡಬೇಕಾದ್ದು ಒಂದೇ, ಅದು ಅಡ್ಡಿಯನ್ನು ತಡೆದುಕೊಳ್ಳುತ್ತದೆಯೇ ಎಂದು. ‘ಮಲೆಗಳಲ್ಲಿ ಮದುಮಗಳು’ ಎಷ್ಟೇ ಕಾಡಿನ ಕಾದಂಬರಿಯಾದರೂ ಮೊದಲ ದಿನಕ್ಕೆ ಬೇಡ. ಅಷ್ಟು ಮನೆ, ಅಷ್ಟು ಜನ. ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿ ತಿರುಗುವಷ್ಟರಲ್ಲಿ ಯಾರು ಯಾರ ಮನೆಯವರು ಎಂಬುದೇ ತಪ್ಪಿಹೋಗುತ್ತದೆ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಹೇಳಿ ಮಾಡಿಸಿದ್ದು: 945 ಪದ್ಯ, ಒಂದೊಂದೂ ನಾಲ್ಕೇ ಸಾಲು, ಓದಿದ ಮೇಲೆ ಎಲ್ಲಾದರೂ ದೃಷ್ಟಿ ನೆಟ್ಟು ಮೆಲುಕು ಹಾಕಲೇಬೇಕು. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇನ್ನೊಂದು. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಕಥನ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಲಾಲ್‌ಬಾಗಿನಲ್ಲಿ ಕೂತು ಅದರ ಹತ್ತು ಪುಟ ಓದಿ, ಎದುರಿನ ಮರದ ಹೆಸರಿನ ಫಲಕದ ಹತ್ತಿರ ಹೋಗದೆ ಇರಲು ಸಾಧ್ಯವಾದರೆ ನೋಡಿ. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಹೇಳುವುದೇ ಬೇಡ. ಹೊಳಪು ಕಾಗದದ ಪುಸ್ತಕ ಮಾತ್ರ ಮನೆಯಲ್ಲೇ ಇರಲಿ, ಬಿಸಿಲು ಕಣ್ಣಿಗೆ ರಾಚುತ್ತದೆ. ಮೊಬೈಲಿನ ಬಗ್ಗೆಯೂ ಅದೇ ಮಾತು.

ಒಬ್ಬರೇ ಕೂರಲು ಸಂಕೋಚವಾದರೆ ಕಬ್ಬನ್ ಪಾರ್ಕಿಗೆ ಹೋಗಬಹುದು. ‘ಕಬ್ಬನ್ ರೀಡ್ಸ್’ ಹೆಸರಿನಲ್ಲಿ ಶನಿವಾರ ಬೆಳಗ್ಗೆ ಅಲ್ಲಿ ಸೇರಿ ಓದುವ ರೂಢಿ 2023ರ ಆರಂಭದಲ್ಲಿ ಶುರುವಾಗಿ, ಅಲ್ಲಿಂದ ಬೇರೆ ಬೇರೆ ಊರುಗಳಿಗೆ ಹಬ್ಬಿತು. ಚಾಪೆ, ಪುಸ್ತಕ, ಮೌನ, ಅಷ್ಟೇ. ಹೆಸರು ಹೇಳಿಕೊಳ್ಳಬೇಕಾಗಿಲ್ಲ, ಪುಸ್ತಕದ ಬಗ್ಗೆ ಅಭಿಪ್ರಾಯ ಒಪ್ಪಿಸಬೇಕಾಗಿಲ್ಲ. ಪಕ್ಕದವರ ರಕ್ಷಾಪುಟ ಇಣುಕಿ ನೋಡುವುದಕ್ಕೆ ಅಡ್ಡಿಯಿಲ್ಲ; ಕನ್ನಡದ್ದು ಕಂಡರೆ ನನಗಂತೂ ನೆಂಟರು ಸಿಕ್ಕಷ್ಟು ಖುಷಿ.

ಆದರೆ ನಮ್ಮಲ್ಲಿ ಮನೆಯಾಚೆಯ ಓದು ಮೌನದ್ದಾಗಿರಲಿಲ್ಲ. ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕೂತು ಕೇಳುವುದು. ಗಮಕ ಎಂಬ ಈ ವಾಚನಕಲೆ ಕಲಿಸುವವರು ಈಗಲೂ ಇದ್ದಾರೆ. ಕೇಳುವ ಅವಕಾಶ ಸಿಕ್ಕರೆ ವಿರಾಟಪರ್ವದಿಂದ ಶುರು ಮಾಡಿ. ಉತ್ತರಕುಮಾರ ಕೌರವ ಸೇನೆ ಕಂಡು ರಥದಿಂದ ಧುಮುಕಿ ಓಡುವ ಭಾಗಕ್ಕೆ ಜನ ಇಂದಿಗೂ ಗೊಳ್ಳೆಂದು ನಗುತ್ತಾರೆ. ಮಳೆ ಕೈಕೊಟ್ಟ ವರ್ಷ ಊರವರು ಓದಿಸುತ್ತಿದ್ದುದೂ ಇದೇ ಪರ್ವವನ್ನು. ಪಾರ್ಕಿನ ಓದುಗರು ಮೋಡ ಕಂಡರೆ ಗಂಟುಮೂಟೆ ಕಟ್ಟುತ್ತಾರೆ, ಇವರು ಮೋಡ ಬರಲೆಂದೇ ಪುಸ್ತಕ ಬಿಚ್ಚುತ್ತಿದ್ದರು.